ನೌಬಾದದ ಆರ್ಕೆಸ್ಟ್ರಾದಲ್ಲಿ ಒಂದು ಚೀಟಿ

ಸಂಜೆ ಅಂಗಳಕ್ಕೆ ನೀರು ಚಿಮುಕಿಸಿದೆ. ಇದು ನನ್ನ ಕೆಲಸವಲ್ಲ, ಹೆಂಡತಿ ಕಮಲಾಳದು. ಅವಳು ಭಾಲ್ಕಿಯಲ್ಲಿರುವ ತಂಗಿಯ ಮನೆಗೆ ಹೋಗಿ ಎರಡು ದಿನವಾಯಿತು. ಹಗಲೆಲ್ಲ ಕಾದ ನೆಲದಿಂದ ಮಣ್ಣಿನ ವಾಸನೆ ಎದ್ದಿತು. ಬೀದರಿನ ಬೇಸಿಗೆ ಕಂಡವರಾದರೆ ಆ ವಾಸನೆಯ ಸುಖ ನಿಮಗೂ ಗೊತ್ತಿರುತ್ತದೆ. ನನಗೆ ಮಾತ್ರ ಹೋದ ವರ್ಷದ ನೌಬಾದ ಮೈದಾನ ನೆನಪಾಯಿತು. ಆರ್ಕೆಸ್ಟ್ರಾ ಇದೆಯೆಂದು ಅಲ್ಲಿಯೂ ಟ್ಯಾಂಕರಿನಿಂದ ನೀರು ಹೊಡೆಸಿದ್ದರು.

ಆರ್ಕೆಸ್ಟ್ರಾ ಎಂದರೆ ಬಹಳ ದೊಡ್ಡದೇನಲ್ಲ. ಒಂದು ಕೀಬೋರ್ಡು, ಒಂದು ಢೋಲಕ್, ಆ ಸೆಕೆಯಲ್ಲೂ ಮಿಂಚುವ ಕೋಟು ತೊಟ್ಟ ಗಾಯಕ, ಹಳೆಯ ಸಿನಿಮಾ ಹಾಡುಗಳು. ಹೊತ್ತು ಇಳಿಯುವ ಮೊದಲೇ ನಾವಿರುವ ಮೈಲೂರಿನಿಂದ ಆಟೋ ಹಿಡಿದು ಹೋಗಿ ಮೂರನೆಯ ಸಾಲಿನಲ್ಲಿ ಕುಳಿತೆವು. ನನ್ನ ಸೊಂಟಕ್ಕೆಂದು ಕಮಲಾ ದಿಂಬು ತಂದಿದ್ದಳು. ದಿಂಬು ಹೊತ್ತು ಹಾಡು ಕೇಳಲು ಬಂದವರು ಇಡೀ ಮೈದಾನದಲ್ಲಿ ನಾವಿಬ್ಬರೇ ಇರಬೇಕು.

ಎರಡನೆಯ ಹಾಡಿಗೆ ನೋಡುತ್ತೇನೆ, ಅವಳ ತುಟಿ ಅಲುಗುತ್ತಿತ್ತು. ನನಗೆ ಔರಾದಿನ ದಿನಗಳು ಕಣ್ಣ ಮುಂದೆ ಬಂದವು. ಮದುವೆಯಾದ ಹೊಸತು. ನಾನಲ್ಲಿ ಗುಮಾಸ್ತ. ತವರೂರು ಖಟಕ ಚಿಂಚೋಳಿಯಿಂದ ಬಂದ ಕಮಲಾ ರೊಟ್ಟಿ ಬಡಿಯುತ್ತ ಹಾಡುವುದನ್ನು ಕೇಳಿದ ನೆರೆಮನೆಯ ಶಿಕ್ಷಕಿ, ಸಾಲೆಯ ಕಾರ್ಯಕ್ರಮದಲ್ಲಿ ಅವಳನ್ನು ಹಾಡಿಸಬೇಕೆಂದು ಮನೆಗೇ ಬಂದಿದ್ದರು. ಕಮಲಾ ಬಾಗಿಲ ಬಳಿ ನಿಂತಿದ್ದಳು. ನಾನು ಅವಳ ಕಡೆ ನೋಡದೆಯೇ, "ನಮ್ಮ ಮನ್ಯಾಗ ಆ ಪದ್ಧತಿ ಇಲ್ರಿ" ಅಂದೆ. ಹಾಡಬಾರದೆಂಬ ಪದ್ಧತಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನಾಲ್ಕು ಜನ ಏನಂದಾರು ಎಂಬ ಅಂಜಿಕೆ, ಅಷ್ಟೇ. ಅಂದಿನಿಂದ ರೊಟ್ಟಿ ಬಡಿಯುವ ಸದ್ದೊಂದೇ ಉಳಿಯಿತು.

"ನಿಮ್ಮೊಳಗ ಯಾರ್ಯಾರ ಹಾಡ್ತೀರಿ, ಚೀಟಿ ಮ್ಯಾಲ ಹೆಸರು ಬರ್ದು ಕೊಡ್ರಿ" ಎಂದಳು ವೇದಿಕೆಯ ನಿರೂಪಕಿ. ನೀರು ಕುಡಿದು ಬರುತ್ತೇನೆಂದು ಎದ್ದವನು ಕಮಲಾಳ ಹೆಸರು ಬರೆದು ಕೊಟ್ಟು ಬಂದೆ. ದೊಡ್ಡ ಪುಣ್ಯದ ಕೆಲಸ ಮಾಡಿದವನಂತೆ ಅವಳ ಕಿವಿಯಲ್ಲಿ ಹೇಳಿದೆ.

ಅವಳು ನನ್ನ ಕಡೆ ಮುಖ ತಿರುಗಿಸಲಿಲ್ಲ. "ಆಗ ಬ್ಯಾಡ ಅಂದವ್ರೂ ನೀವೇ, ಈಗ ಹಾಡು ಅನ್ನವ್ರೂ ನೀವೇ. ನಡುವ ನನಗ ಒಮ್ಮೆರ ಕೇಳೀರೇನ್ರಿ?"

ಚೀಟಿ ಮರಳಿ ಇಸಕೊಳ್ಳಲು ಓಡಿದೆ. ಅಷ್ಟರಲ್ಲಿ ಹೆಸರು ಕೂಗಿಯಾಗಿತ್ತು. "ಬರ್ರಿ ಅಂಕಲ್, ಆಂಟಿ ಎಲ್ಲಿ ಅದಾರ?" ಎಂದು ನಿರೂಪಕಿ ಮೈಕನ್ನೇ ನನ್ನ ಕೈಗಿಟ್ಟಳು. ನಾನೆಂದೂ ಮೈಕು ಹಿಡಿದವನಲ್ಲ. "ಅಕೀಗಿ ಕೇಳಲಾರದ ನಾನೇ ಹೆಸರು ಬರ್ಸೀನ್ರಿ. ಹಿಂದೊಮ್ಮೆನೂ ಅಕೀಗಿ ಕೇಳಲಾರದ ನಾನೇ ಬ್ಯಾಡ ಅಂದಿದ್ದೆ. ಎರಡೂ ತಪ್ಪೇ" ಅಂದೆ. ಜನ ನಕ್ಕರು, ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಮರಳಿ ಬಂದಾಗ ಅವಳು ದಿಂಬನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸೊಂಟ ನೋವಿನಲ್ಲೇ ಕುಳಿತೆ. ಒಂದು ಹಾಡು ಮುಗಿದ ಮೇಲೆ, "ಮಂದಿ ಮುಂದ ಹೇಳೂ ಮೊದ್ಲ ನನಗ ಹೇಳ್ಬೇಕಿತ್ತು" ಅಂದಳು.

"ಈಗ ಹೇಳ್ತೇನಿ. ತಪ್ಪಾಯ್ತು."

"ಹ್ಞೂಂ" ಅಂದಳು. ಇನ್ನೂ ಎರಡು ಹಾಡು ಕಳೆದವು. ಬೀಸುವ ಗಾಳಿ ಸ್ವಲ್ಪ ತಣ್ಣಗಾಗಿತ್ತು. ದಿಂಬು ನನ್ನ ಬೆನ್ನ ಹಿಂದೆ ಬಂತು. ಅವಳು ಹಾಡಲಿಲ್ಲ. ನಾನೂ ಮತ್ತೆ ಆ ಮಾತೆತ್ತಲಿಲ್ಲ.

ಇವತ್ತು ಮಧ್ಯಾಹ್ನ ಭಾಲ್ಕಿಯಿಂದ ಫೋನು ಮಾಡಿದ್ದಳು. ತಂಗಿಯ ಮೊಮ್ಮಗಳಿಗೆ ಹೆಸರಿಡುವ ಕಾರ್ಯ ಚೆನ್ನಾಗಿ ಆಯಿತಂತೆ. ಅದೂ ಇದೂ ಹೇಳಿ ಕೊನೆಗೆ, "ತೊಟ್ಟಿಲ ಮುಂದ ನಾ ಎರಡು ಹಾಡು ಹಾಡ್ದೆ. ಯಾರೂ ಹಾಡು ಅಂದಿದ್ದಿಲ್ಲ, ನನಗೇ ಹಾಡಬೇಕು ಅನಿಸ್ತು" ಅಂದಳು.

ಯಾವ ಹಾಡೆಂದು ಕೇಳಿದೆ.

"ಫೋನಿನ್ಯಾಗ ಹ್ಯಾಂಗ ಹೇಳಲ್ರಿ?"

"ನಾಳಿ ನಾ ಅಲ್ಲಿಗಿ ಬರಲಾ?"

"ಬರ್ರಿ" ಅಂದಳು.