ಮೊದಲ ಉಡಿ

ಇವತ್ತು ಅಂಗಳ ಗುಡಿಸಿದೆ, ರೊಟ್ಟಿ ಬಡಿದೆ, ಮೆಣಸಿನಕಾಯಿ ಒಣಹಾಕಿದೆ, ಓಣಿಯ ಹೆಂಗಸರನ್ನು ಉಡಿ ತುಂಬಿಸಿಕೊಳ್ಳಲು ಕರೆದುಬಂದೆ, ಸೇಡೂ ತೀರಿಸಿಕೊಂಡೆ.

ಮಾನ್ವಿಯ ನಮ್ಮ ಮಹಡಿ ಕೋಣೆಯಲ್ಲಿ ಅಮೆರಿಕದ ಕರಿಯ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಅವರೂರಿನ ಪತ್ರಿಕೆಗೆ ನಮ್ಮ ಕಡೆಯ ಸುದ್ದಿ ಬರೆಯುತ್ತಾಳೆ. ಮೊನ್ನೆ ಎದುರುಮನೆಯಾಕೆ ಅವಳ ಮುಂದೆಯೇ, "ಇಕಿನ್ನ ಎಷ್ಟ್ ತಿಕ್ಕಿ ತೊಳದ್ರ ಬೆಳ್ಳಗಾಗ್ತಾಳ ಬೇ?" ಎಂದು ನಕ್ಕಳು. ಹುಡುಗಿಗೆ ಕನ್ನಡ ತಿಳಿಯುತ್ತದೆಂದು ಆಕೆಗೆ ಗೊತ್ತಿರಲಿಲ್ಲ.

"ನಮ್ಮೂರಾಗೂ ಹಿಂಗ ಅಂತಾರ್ರೀ. ಅದನ್ನ ಬರದು ಬರದು ಬ್ಯಾಸತ್ತೀನಿ," ಎಂದಳು ಹುಡುಗಿ, ಆಕೆ ಹೋದಮೇಲೆ. ನನ್ನ ಮೈಯೆಲ್ಲ ಉರಿಯಿತು.

ಓಣಿಯಲ್ಲಿ ಮೊದಲ ಉಡಿ ಯಾವಾಗಲೂ ಎದುರುಮನೆಯಾಕೆಗೇ, ಹಿರಿಯಳೆಂದು. ಇವತ್ತೂ ಸೆರಗೊಡ್ಡಿ ಮುಂದೆಯೇ ಕುಂತಿದ್ದಳು. ನಾನು ಆಕೆಯನ್ನು ದಾಟಿ ಹೋಗಿ, ನನ್ನ ಸೀರೆ ಉಟ್ಟು ಮೂಲೆಯಲ್ಲಿ ಕುಂತಿದ್ದ ಹುಡುಗಿಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿದೆ.

"ನಂದು?"

"ತಡೀರಿ ಅಕ್ಕಾ, ಮನಿ ಮಗಳಿಗೆ ಮೊದಲು. ಅಷ್ಟರಾಗ ನೀವು ಮಾರಿ ತಿಕ್ಕಿ ತೊಳಕೊಂಡು ಬರ್ರಿ."

ಕುಂತವರೆಲ್ಲ ಕಿಸಕ್ಕನೆ ನಕ್ಕರು. ಆಕೆ ತಲೆ ಎತ್ತಲಿಲ್ಲ.

ಎಲ್ಲರೂ ಹೋದಮೇಲೆ ಹುಡುಗಿ ಕೇಳಿದಳು: "ಉಡಿ ನನಗ ತುಂಬಿದ್ರೋ, ನಿಮ್ಮ ಸಿಟ್ಟಿಗೋ?"

"ಎರಡಕ್ಕೂ, ಯವ್ವಾ."

ರೊಟ್ಟಿ, ಪುಂಡಿಪಲ್ಯ ಉಂಡೆವು. ಅವಳು ಬರೆಯುತ್ತ ಕುಂತಳು. ನಾನೇ ಮೊದಲು ಮಲಗಿದೆ, ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಬಂತು.