ಕೊನೆಯ ಸಾಲಿನವರೆಗೂ ಓದುವ ನೆಲಿದಾ

ಬೆಳಗಿನ ಐದೂಕಾಲು. ಚಹಾ ಎಲೆ ತುಂಬಿದ ಮೊದಲ ಲಾರಿ ಓಬೆರಾದ ಕೆಂಪು ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವ ಹೊತ್ತಿಗೆ ನೆಲಿದಾ ಹೋಲ್ಮ್ ಅಡುಗೆಮನೆಯ ಮೇಜಿನ ಮುಂದೆ ಕುಳಿತಾಗಿದೆ. ಎಡಗಡೆ ಮಾಟೆ ಎಂಬ ಎಲೆಕಷಾಯ ಹೀರುವ ಸೋರೆಬುರುಡೆ ಮತ್ತು ಬಿಸಿನೀರಿನ ಫ್ಲಾಸ್ಕು, ಬಲಗಡೆ ತಂತಿ ಇರುವ ಹಳೆಯ ಫೋನು, ನಡುವೆ ಕಂಪ್ಯೂಟರು. ನಮ್ಮ ಊರಿನ ಸುದ್ದಿತಾಣ ‘ಎಲ್ ಯೆರ್ಬಾಲ್’ಗೆ ನಿನ್ನೆ ರಾತ್ರಿಯಿಂದ ನೂರ ಎಂಬತ್ತಾರು ಕಾಮೆಂಟುಗಳು ಬಂದು ಬಿದ್ದಿವೆ.

ನೆಲಿದಾ ಮೊದಲು ಯಾವುದನ್ನೂ ಓದುವುದಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಎಳೆದು, ಬರೆದವರ ಹೆಸರುಗಳನ್ನಷ್ಟೇ ನೋಡುತ್ತಾರೆ. ಹುಡುಕುವುದು ಒಂದೇ ಹೆಸರನ್ನು: ಬಸಿಲಿಯೋ ಪೆತ್ರೋಫ್.

“ಇಲ್ಲ. ಇವತ್ತಿಗೆ ನಲವತ್ತೊಂದು ದಿನ” ಎನ್ನುತ್ತಾರೆ. ಆಮೇಲೆ ಕನ್ನಡಕ ಏರಿಸಿಕೊಂಡು ಕೆಲಸ ಶುರು ಮಾಡುತ್ತಾರೆ.

ಕಾಮೆಂಟುಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವುದು ಇವರ ಕೆಲಸ. ಸಂಪಾದಕರ ಫೋಟೋ ತಾಣದ ನೆತ್ತಿಯ ಮೇಲಿದೆ, ವರದಿಗಾರರ ಹೆಸರು ಸುದ್ದಿಯ ಕೆಳಗಿದೆ. ನೆಲಿದಾ ಹೆಸರು ಎಲ್ಲೂ ಇಲ್ಲ. ಓದುಗರು ಇವರನ್ನು ಕರೆಯುವುದು ‘ಕತ್ತರಿ’ ಎಂದು. “ಕತ್ತರಿ ಮತ್ತೆ ನನ್ನ ಬಾಯಿ ಮುಚ್ಚಿಸಿತು, ವಾಕ್ ಸ್ವಾತಂತ್ರ್ಯ ಸತ್ತಿತು” ಎಂದು ವಾರಕ್ಕೆ ಹತ್ತು ಜನರಾದರೂ ಬರೆಯುತ್ತಾರೆ. ಇವತ್ತು ಇವರ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕುಳಿತಿರುವ ನಾನೂ ಅವರಲ್ಲಿ ಒಬ್ಬನಾಗಿದ್ದೆ ಎಂದು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಎರಡು ಕಾಮೆಂಟುಗಳನ್ನು ಇವರು ತಡೆದಿದ್ದಾರೆ. ಈಗ ಓದಿದರೆ ಎರಡನೆಯದನ್ನು ತಡೆದದ್ದು ಸರಿ ಎನಿಸುತ್ತದೆ.

ಅನುಮಾನ ಹುಟ್ಟಿಸುವ ಕಾಮೆಂಟು ಬಂದರೆ ನೆಲಿದಾ ಅಳಿಸುವುದಿಲ್ಲ, ಬರೆದವರಿಗೆ ಫೋನು ಮಾಡುತ್ತಾರೆ. ಇವತ್ತಿನ ಮೊದಲ ಕರೆ ಮಾಂಸದಂಗಡಿಯ ರುಬೆನ್‌ಗೆ.

“ರುಬೆನ್, ಎದ್ದಿದೀಯಾ?”

“ಎದ್ದು ಚಾಕು ಮಸೀತಾ ಇದೀನಿ ದೊನ್ಯಾ ನೆಲಿ. ಯಾಕೆ?”

“ರಾತ್ರಿ ಏನೋ ಬರೆದು ಹಾಕಿದೀಯಲ್ಲ, ಅದನ್ನ ಒಂದ್ಸಲ ಓದಿ ಹೇಳಪ್ಪ.”

“ಈಗಲಾ? ಹೆಂಡ್ತಿ ಎದುರಿಗೇ ಕೂತಿದಾಳೆ.”

“ಕೂತ್ಕೊಳ್ಳಲಿ ಬಿಡು. ಊರೆಲ್ಲ ಓದ್ಲಿ ಅಂತ ತಾನೇ ಬರೆದಿದ್ದು?”

ರುಬೆನ್ ಗಂಟಲು ಸರಿಮಾಡಿಕೊಳ್ಳುವುದು ನನಗೂ ಕೇಳಿಸುತ್ತದೆ. “‘ಈ ಸುದ್ದಿ ಬರೆದವನ ತಾಯಿ...’ ಅದು ಬಿಡಿ. ಅದು ಕೋಪದಲ್ಲಿ ಬಂದಿದ್ದು. ಕೊನೇ ಎರಡು ಸಾಲು ಇಟ್ಕೊಳ್ಳಿ, ಪಾಯಿಂಟು ಇರೋದು ಅಲ್ಲೇ.”

ನೆಲಿದಾ ಎರಡು ಸಾಲು ಉಳಿಸಿ ಹಾಕುತ್ತಾರೆ. ಪಾಯಿಂಟು ನಿಜಕ್ಕೂ ಅಲ್ಲೇ ಇದೆ.

ಸಾಮಾನ್ಯ ದಿನಗಳಲ್ಲಿ ಆರುನೂರು ಕಾಮೆಂಟು ಬರುತ್ತವೆ. ಯುದ್ಧದ ಸುದ್ದಿ ಇದ್ದ ದಿನ ಸಾವಿರ ದಾಟುತ್ತದೆ. ಕೊಲ್ಲುತ್ತೇನೆ, ಮನೆಗೆ ಬೆಂಕಿ ಇಡುತ್ತೇನೆ ಎಂಬ ಮಾತುಗಳು ನೇರ ಕಸಕ್ಕೆ ಹೋಗುತ್ತವೆ, ಅವಕ್ಕೆ ಫೋನಿಲ್ಲ. ಉಳಿದಂತೆ ದಿನಕ್ಕೆ ಮೂವತ್ತೈದು ಕರೆ. ಇಪ್ಪತ್ತು ಜನ ಓದುತ್ತಾ ಓದುತ್ತಾ ತಾವೇ ತಿದ್ದಿಕೊಳ್ಳುತ್ತಾರೆ. ನಾಲ್ಕೈದು ಜನ ಬೈದು ಫೋನಿಡುತ್ತಾರೆ. ಮಿಕ್ಕವರು ಬೈಗುಳವನ್ನೂ ಬಿಡದೆ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾರೆ, ಅಂಥವನ್ನು ನೆಲಿದಾ ಹಾಗೆಯೇ ಹಾಕುತ್ತಾರೆ.

“ಬಾಯಲ್ಲಿ ಹೇಳೋಕೆ ಧೈರ್ಯ ಇದ್ರೆ ಹೇಳ್ಲಿ. ನನಗೆ ಅಷ್ಟು ಸಾಕು. ಸರಿಯೋ ತಪ್ಪೋ ನೋಡೋಕೆ ನಾನ್ಯಾರು? ನನಗೆ ಆ ದೇಶಗಳನ್ನ ನಕ್ಷೇಲಿ ತೋರಿಸು ಅಂದ್ರೂ ಒದ್ದಾಡ್ತೀನಿ” ಎನ್ನುತ್ತಾರೆ.

ಓಬೆರಾದಲ್ಲಿ ಉಕ್ರೇನ್ ಯುದ್ಧ ದೂರದ ಸುದ್ದಿಯಲ್ಲ. ಒಂದೇ ಬೀದಿಯಲ್ಲಿ ಉಕ್ರೇನಿನವರ ಇಗರ್ಜಿಯೂ ಇದೆ, ರಷ್ಯನ್ನರ ಸಂಘವೂ ಇದೆ. ಅಜ್ಜಂದಿರು ಆ ದೇಶಗಳಿಂದ ಇಲ್ಲಿಗೆ ವಲಸೆ ಬಂದು ನೂರು ವರ್ಷ ಆದರೂ ಮೊಮ್ಮಕ್ಕಳಿಗೆ ಇದು ಮನೆಯೊಳಗಿನ ಜಗಳ. ಎರಡು ವರ್ಷದ ಹಿಂದೆ ವಲಸಿಗರ ಹಬ್ಬದ ಫೋಟೋದಲ್ಲಿ ಒಂದು ಕಡೆಯವರ ಭವನದ ಛಾವಣಿ ಇನ್ನೊಂದು ಕಡೆಯವರದಕ್ಕಿಂತ ದೊಡ್ಡದಾಗಿ ಕಂಡಿತೆಂದು ಇನ್ನೂರ ಹನ್ನೆರಡು ಕಾಮೆಂಟು ಬಂದವು. ಫೋಟೋ ತೆಗೆದವನು ಆ ಭವನದ ಹತ್ತಿರ ನಿಂತಿದ್ದ, ಅಷ್ಟೇ. ‘ಎಲ್ ಯೆರ್ಬಾಲ್’ ಮಾಸ್ಕೋಗೆ ಮಾರಿಕೊಂಡಿದೆ ಎಂದವರದ್ದೊಂದು, ಕೀವ್‌ಗೆ ಮಾರಿಕೊಂಡಿದೆ ಎಂದವರದ್ದೊಂದು, ಹೀಗೆ ನೆಲಿದಾ ನೋಟುಬುಕ್ಕಿನಲ್ಲಿ ಎರಡು ಸಾಲು ಗೀಟು ಎಳೆದಿಡುತ್ತಾರೆ. ಎರಡೂ ಸಮವಾಗಿದ್ದ ವಾರ ಚೆನ್ನಾಗಿ ನಿದ್ದೆ ಬರುತ್ತದಂತೆ.

ಇವರ ಅಜ್ಜ ಸ್ವೀಡನ್ನಿನಿಂದ ಬಂದವರು. ಅದಕ್ಕೂ ಬೈಸಿಕೊಳ್ಳುತ್ತಾರೆ. “ನಿಮ್ಮ ಕಡೆಯವರು ಇನ್ನೂರು ವರ್ಷದಿಂದ ಯುದ್ಧಾನೇ ಮಾಡಿಲ್ಲ, ನಿಮಗೇನಮ್ಮ ಗೊತ್ತು?” ಎಂದು ಕೇಳುವವರಿದ್ದಾರೆ. “ನನ್ನ ತಂಗೀನ ಕೇಳಿ, ಯುದ್ಧ ಮಾಡಿದೀನೋ ಇಲ್ವೋ ಅವಳು ಹೇಳ್ತಾಳೆ” ಎಂಬುದು ಇವರ ಸಿದ್ಧ ಉತ್ತರ.

ಈಗ ಅರವತ್ಮೂರು ವರ್ಷ. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಊರಿನ ಪ್ರತಿ ಕರೆಯೂ ಇವರ ಕೈಯಿಂದಲೇ ಹೋಗುತ್ತಿದ್ದ ಕಾಲ ಅದು. ಹೆರಿಗೆ, ಸಾವು, ಮದುವೆ ಮುರಿದದ್ದು, ಎಲ್ಲವೂ ಇವರ ಕಿವಿಗೆ ಮೊದಲು. “ಉಸಿರು ಕೇಳಿದ್ರೆ ಸಾಕು, ಯಾರು ಅಂತ ಗೊತ್ತಾಗ್ತಿತ್ತು. ಕಾಗದದ ಮೇಲೆ, ಪರದೆ ಮೇಲೆ ಹಂಗಲ್ಲ. ಅಲ್ಲಿ ಎಲ್ರೂ ಒಂದೇ ಥರ ಕೂಗ್ತಾರೆ.”

ಹಾಗಾದರೆ ಫೋನು ಮಾಡುವ ಈ ಪದ್ಧತಿ ಮೊದಲಿಂದಲೂ ಇತ್ತೇ ಎಂದು ಕೇಳುತ್ತೇನೆ. ನೆಲಿದಾ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ತಲೆ ಅಲ್ಲಾಡಿಸುತ್ತಾರೆ. ಇರಲಿಲ್ಲ. ಐದು ವಾರದ ಹಿಂದೆ ಶುರುವಾದದ್ದು ಇದು.

ಬಸಿಲಿಯೋ ಪೆತ್ರೋಫ್ ನಿವೃತ್ತ ಬಸ್ ಚಾಲಕರು, ರಷ್ಯನ್ ಮನೆತನದವರು. ತೆಯೋದೊರೋ ಹ್ರಿಸಾಕ್ ಚಹಾ ಬೆಳೆಗಾರರು, ಉಕ್ರೇನಿನ ಮನೆತನದವರು. ಮೂವತ್ತು ವರ್ಷ ಗುರುವಾರ ತಪ್ಪದೆ ಕ್ಲಬ್ಬಿನಲ್ಲಿ ಇಬ್ಬರೂ ಜೋಡಿಯಾಗಿ ಟ್ರುಕೋ ಆಡಿದವರು. ಆ ಇಸ್ಪೀಟಾಟದಲ್ಲಿ ಜೋಡಿ ಆಟಗಾರರು ಎದುರುಬದುರು ಕೂತು, ಹುಬ್ಬು ಹಾರಿಸಿ, ತುಟಿ ಕಚ್ಚಿ ಒಬ್ಬರಿಗೊಬ್ಬರು ಎಲೆ ತಿಳಿಸಬೇಕು. ಇವರಿಬ್ಬರ ಸನ್ನೆಗಳನ್ನು ಊರಿನಲ್ಲಿ ಯಾರೂ ಹಿಡಿದದ್ದಿಲ್ಲ. ಯುದ್ಧ ಶುರುವಾದ ಮೇಲೆ ಆಟ ನಿಂತಿತು, ಆಮೇಲೆ ಎದುರಾದರೆ ಮಾತೂ ನಿಂತಿತು. ಉಳಿದದ್ದು ‘ಎಲ್ ಯೆರ್ಬಾಲ್’ನ ಕಾಮೆಂಟು ಮಾತ್ರ. ದಿನವೂ ಬೆಳಿಗ್ಗೆ ಅವರು ಇವರನ್ನು ಬೈಯುವುದು, ಇವರು ಅವರನ್ನು ಬೈಯುವುದು. ಬಸಿಲಿಯೋ ಬರೆಯುವುದೆಲ್ಲ ದೊಡ್ಡಕ್ಷರದಲ್ಲೇ.

ನಲವತ್ತೊಂದು ದಿನದ ಹಿಂದೆ ಒಂಬೈನೂರು ಕಾಮೆಂಟು ಬಾಕಿ ಇದ್ದವು. ಬಸಿಲಿಯೋ ಬರೆದ ನಾಲ್ಕು ಸಾಲೂ ಅವುಗಳಲ್ಲಿದ್ದವು. ದೊಡ್ಡಕ್ಷರ, ಮೊದಲ ಸಾಲಿನಲ್ಲಿ “ಮಾರಿಕೊಂಡವರೇ”, ಎರಡನೆಯದರಲ್ಲಿ ಅದಕ್ಕಿಂತ ಕೆಟ್ಟದ್ದು. ನೆಲಿದಾ ಅಲ್ಲಿಗೇ ನಿಲ್ಲಿಸಿ ‘ಮರೆಮಾಡು’ ಗುಂಡಿ ಒತ್ತಿದರು. ಹೀಗೆ ಮರೆಮಾಡಿದ್ದು ಬರೆದವನಿಗೆ ಮಾತ್ರ ಮೊದಲಿನಂತೆ ಕಾಣುತ್ತಿರುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. ಜಗಳ ಬೆಳೆಯದಿರಲಿ ಎಂದು ಮಾಡಿಟ್ಟ ಉಪಾಯ ಅದು.

ಆಮೇಲೆ ಬಸಿಲಿಯೋ ಬರೆಯಲಿಲ್ಲ. ಒಂದು ವಾರ ಕಳೆದಾಗ ನೆಲಿದಾಗೆ ಏನೋ ಅನುಮಾನವಾಗಿ ಆ ಕಾಮೆಂಟನ್ನು ಹುಡುಕಿ ಪೂರ್ತಿ ಓದಿದರು. ಮೂರನೆಯ ಸಾಲಿನಲ್ಲಿ, ತಂಗಿ ವೇರಾಳ ಮೊಮ್ಮಗ ಪಾವೆಲ್, ಇಪ್ಪತ್ತೆರಡು ವರ್ಷದವನು, ಯುದ್ಧದಲ್ಲಿ ಸತ್ತ ಎಂದಿತ್ತು. ವೇರಾ ಬಸಿಲಿಯೋರ ಚಿಕ್ಕಪ್ಪನ ಮಗಳು, ನಾಲ್ಕು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ರಷ್ಯಾಕ್ಕೆ ವಾಪಸು ಹೋದವಳು. ನಾಲ್ಕನೆಯ ಸಾಲು ಹೀಗಿತ್ತು: “ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಪ್ರಾರ್ಥನೆ. ತೆಯೋದೊರೋ, ನೀನೂ ಬಾ.”

ಭಾನುವಾರ ಆಗಿಹೋಗಿತ್ತು. ಬಸಿಲಿಯೋ ಬಾಗಿಲ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡಲಿಲ್ಲವಂತೆ. ತೆಯೋದೊರೋ ಓದಿದ್ದಾನೆ, ಓದಿಯೂ ಬರಲಿಲ್ಲ ಎಂದುಕೊಂಡರು. ತೆಯೋದೊರೋ ಆ ಹೊತ್ತಿಗೆ ತೋಟದಲ್ಲಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ.

ಆ ದಿನವೇ ನೆಲಿದಾ ಇಬ್ಬರಿಗೂ ಫೋನು ಮಾಡಿ ತಪ್ಪು ತನ್ನದು ಎಂದರು. ಬಸಿಲಿಯೋ ಹೇಳಿದ್ದು ಒಂದೇ ಮಾತು: “ಊರಿನವರ ಮಾತೆಲ್ಲ ಕೇಳಿಸಿಕೊಂಡವಳು ನೀನು. ನನ್ನ ನಾಲ್ಕು ಸಾಲು ಓದೋಕೆ ಆಗ್ಲಿಲ್ವಾ ನೆಲಿ?” ಆಮೇಲೆ ಫೋನಿಟ್ಟರು. ತೆಯೋದೊರೋ, “ಗೊತ್ತಾಗಿದ್ರೆ ಹೋಗ್ತಿದ್ದೆ ಅಂತ ಈಗ ಹೇಳೋದು ಸುಲಭ. ಹೋಗ್ತಿದ್ದೆನೋ ಇಲ್ವೋ ನನಗೇ ಗೊತ್ತಿಲ್ಲ” ಎಂದರು. ನೆಲಿದಾ ಆ ಕಾಮೆಂಟಿನ ಮರೆ ತೆಗೆದು, ಅದರ ಕೆಳಗೆ ಕ್ಷಮಾಪಣೆ ಬರೆದು ತಮ್ಮ ಹೆಸರು ಹಾಕಿದರು. ತಾಣದಲ್ಲಿ ಇವರ ಹೆಸರು ಬಂದದ್ದು ಅದೊಂದೇ ಸಲ.

“ಅವತ್ತಿಂದ ಓದಿಸಿ ಕೇಳ್ತೀನಿ. ಕೊನೇ ಸಾಲಿನ ತನಕ” ಎನ್ನುತ್ತಾರೆ. ಹೇಳುವಾಗ ಕಣ್ಣು ಪರದೆಯ ಮೇಲೇ ಇರುತ್ತದೆ. ಬೇರೇನು ಆಸೆಯಿದೆ ಎಂದು ಕೇಳಿದರೆ, “ಬಸಿಲಿಯೋ ಬಂದು ಒಂದ್ಸಲ ಬೈದ್ರೆ ಸಾಕು. ನನಗೆ ಬೈದ್ರೂ ಸರಿ, ತೆಯೋದೊರೋಗೆ ಬೈದ್ರೂ ಸರಿ.”

ಏಳೂ ಮುಕ್ಕಾಲಿಗೆ ನಾನು ಹೊರಡಲು ಚೀಲ ಹೆಗಲಿಗೆ ಹಾಕಿಕೊಳ್ಳುತ್ತೇನೆ. ನೆಲಿದಾ ಕೈಯೆತ್ತಿ ತಡೆಯುತ್ತಾರೆ. ಪರದೆಯಲ್ಲಿ ಹೊಸ ಕಾಮೆಂಟು, ಐದು ಸಾಲು, ಎಲ್ಲ ದೊಡ್ಡಕ್ಷರ. ಇವರು ಫೋನೆತ್ತಿ ಸಂಖ್ಯೆ ಒತ್ತುತ್ತಾರೆ.

“ದೋನ್ ಬಸಿಲಿಯೋ, ನಾನು ನೆಲಿ. ಬರೆದಿದ್ದನ್ನ ಓದಿ ಹೇಳ್ಬೇಕು. ಈಗ ಎಲ್ರಿಗೂ ಇದೇ ನಿಯಮ.”

“ನಾನ್ಯಾಕೆ ಓದ್ಲಿ? ಬರೆದೋನು ನಾನು. ಓದ್ಬೇಕಾಗಿರೋಳು ನೀನು. ಗಟ್ಟಿಯಾಗಿ ಓದು, ಕೇಳಿಸ್ಲಿ.”

ನೆಲಿದಾ ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ. “‘ಇದು ಮಾರಿಕೊಂಡ ಪತ್ರಿಕೆ. ಇಲ್ಲಿ ಸತ್ಯಕ್ಕೆ ಜಾಗ ಇಲ್ಲ. ಇಲ್ಲಿ ಕತ್ತರಿ ಹಿಡಿದು ಕೂತವಳಿಗೆ ಕಣ್ಣಿದೆ, ಓದೋಕೆ ಮಾತ್ರ ಬರಲ್ಲ. ನಾನು ಇನ್ನೂ ಬದುಕಿದ್ದೇನೆ. ತೆಯೋದೊರೋ, ಇವತ್ತು ಗುರುವಾರ, ನನ್ನ ಎದುರಿನ ಕುರ್ಚಿ ಖಾಲಿ ಇದೆ.’”

ಆ ಕಡೆಯಿಂದ ಬಸಿಲಿಯೋ ಕೇಳುತ್ತಾರೆ:

“ಕೊನೇ ಸಾಲೂ ಓದಿದೆಯಾ?”

“ಓದಿದೆ ದೋನ್ ಬಸಿಲಿಯೋ.”

“ಹಂಗಾದ್ರೆ ಹಾಕು.”

ಹಾಕುತ್ತಾರೆ. ಮಾಸ್ಕೋಗೋ ಕೀವ್‌ಗೋ ಗೊತ್ತಾಗದೆ ನೋಟುಬುಕ್ಕಿನ ನಡುವೆ ಒಂದು ಗೀಟು ಎಳೆಯುತ್ತಾರೆ. ಆಮೇಲೆ ಏಪ್ರನ್ನಿನ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ, ಕನ್ನಡಕದ ಜೊತೆ ಕಣ್ಣನ್ನೂ. ನಾನು ಚೀಲ ಕೆಳಗಿಟ್ಟು ಕುಳಿತುಬಿಡುತ್ತೇನೆ. ಹತ್ತು ನಿಮಿಷ ಪರದೆ ಸುಮ್ಮನಿರುತ್ತದೆ. ಹನ್ನೊಂದನೆಯ ನಿಮಿಷಕ್ಕೆ ತೆಯೋದೊರೋ ಹ್ರಿಸಾಕ್ ಹೆಸರು ಮೂಡುತ್ತದೆ.

“ಈ ಪತ್ರಿಕೆ ರಷ್ಯನ್ನರಿಗೆ ಮಾರಿಕೊಂಡಿದೆ ಅಂತ ನಾನು ಮೊದಲೇ ಹೇಳಿದ್ದೆ. ಎಷ್ಟು ಗಂಟೆಗೆ?”

ನೆಲಿದಾ ಆಗಲೇ ಫೋನು ಕೈಗೆತ್ತಿಕೊಂಡಾಗಿದೆ. “ಇದರಲ್ಲಿ ಅನುಮಾನ ಪಡೋದು ಏನಿದೆ?” ಎಂದು ಕೇಳುತ್ತೇನೆ.

“ಏನೂ ಇಲ್ಲ” ಎನ್ನುತ್ತಾ ಸಂಖ್ಯೆ ಒತ್ತುತ್ತಾರೆ. “ಕೊನೇ ಎರಡು ಮಾತು ಅವನ ಬಾಯಲ್ಲಿ ಒಂದ್ಸಲ ಕೇಳ್ಬೇಕು ನನಗೆ.”