ಮೋನಾಕ ಇಟ್ಟ ಕಲ್ಲು

ಎಲ್ಲಾದರೂ ನಾಲ್ಕು ಜನ ಸಾಲಾಗಿ ನಿಂತಿದ್ದರೆ ಸಾಕು, ಮೋನಾಕ ಹೋಗಿ ಕೊನೆಯಲ್ಲಿ ನಿಂತುಬಿಡುತ್ತಿದ್ದರು. ಸಾಲು ಏತಕ್ಕೆಂದು ಮುಂದಿನವನನ್ನು ಕೇಳುವುದೇನಿದ್ದರೂ ಆಮೇಲೆ. ಒಮ್ಮೆ ಜಿದ್ದಾದ ಅಜೀಜಿಯಾ ಬಡಾವಣೆಯ ಸೂಪರ್‌ಮಾರ್ಕೆಟ್ಟಿನಲ್ಲಿ ಹೀಗೆ ನಿಂತು, ಮಕ್ಕಳಿಗೆ ಹಂಚುತ್ತಿದ್ದ ಬಲೂನು ಹಿಡಿದುಕೊಂಡು ಬಂದರು. ನನಗೆ ನಗು ತಡೆಯಲಾಗಲಿಲ್ಲ.

"ನಗು ಮಾರಾಯ, ನಗು. ಏಡನಿನಲ್ಲಿ ಇದ್ದಿದ್ರೆ ನಿನಗೆ ಗೊತ್ತಾಗ್ತಿತ್ತು. ಮೊದಲು ನಿಲ್ಲುದು, ಎಂತ ಸಿಗ್ತದೆ ಅಂತ ಆಮೇಲೆ ಕೇಳುದು."

ಉಳ್ಳಾಲದ ಬ್ಯಾರಿ ಮುದುಕರಾದ ಮೋನಾಕ ಅಲ್ಲಿನ ನಮ್ಮ ಸರಕು ಸಾಗಣೆ ಕಚೇರಿಯಲ್ಲಿ ಚಹಾ ಮಾಡುತ್ತಿದ್ದರು. ಅವರ ಅಪ್ಪ ಏಡನ್ ಬಂದರಿನಲ್ಲಿ ಅಡುಗೆಯವರು. ಹಾಗಾಗಿ ದಕ್ಷಿಣ ಯೆಮನ್ ಸಮಾಜವಾದಿ ದೇಶವಾಗಿದ್ದ ಕಾಲವನ್ನೆಲ್ಲ ಇವರು ಅಲ್ಲೇ ಉಂಡವರು. ಉಂಡದ್ದು ಕಡಿಮೆ, ನಿಂತದ್ದೇ ಹೆಚ್ಚು. ಸರಕಾರಿ ಸೊಸೈಟಿಯಲ್ಲಿ ಈರುಳ್ಳಿ ಇದ್ದ ವಾರ ಸೋಪು ಇಲ್ಲ, ಸೋಪು ಬಂದ ವಾರ ಹಾಲಿನ ಪುಡಿ ಇಲ್ಲ. ಮಗುವಿಗೆ ಹಾಲೂಡಿಸಲೋ ಕೆಲಸಕ್ಕೋ ಹೋಗಬೇಕಾದವರು ಸಾಲಿನ ತಮ್ಮ ಜಾಗದಲ್ಲಿ ಒಂದು ಕಲ್ಲಿಟ್ಟು ಹೋಗುತ್ತಿದ್ದರಂತೆ.

"ಆ ಕಲ್ಲನ್ನು ಯಾರೂ ಮುಟ್ಟುದಿಲ್ಲ. ಪೊಲೀಸನ ಹೆಂಡತಿ ಬಂದ್ರೂ ಕಲ್ಲಿನ ಹಿಂದೆಯೇ ನಿಲ್ಬೇಕು."

ಕೊನೆಕೊನೆಗೆ ಪಕ್ಷದವರ ಮನೆಗಳಿಗೆ ಸೊಸೈಟಿಯ ಹಿಂದಿನ ಬಾಗಿಲಿನಿಂದ ಮೂಟೆಗಳು ಹೋಗತೊಡಗಿದವು. "ಆವತ್ತೇ ಉಮ್ಮನಿಗೆ ಹೇಳಿದೆ, ಇದು ಇನ್ನು ಹೆಚ್ಚು ದಿನ ಇಲ್ಲ ಅಂತ. ಸಾಮಾನು ಇಲ್ಲದಿದ್ರೆ ಜನ ತಡ್ಕೊಳ್ತಾರೆ. ಹಿಂದಿನ ಬಾಗಿಲನ್ನು ತಡ್ಕೊಳ್ತಾರಾ?"

ಜಿದ್ದಾದಲ್ಲಿ ಅಂಗಡಿ ತುಂಬ ಸಾಮಾನಿತ್ತು. ನಮ್ಮ ಕಂಪನಿ ಮಾತ್ರ ಮುಳುಗತೊಡಗಿತ್ತು. ಅಲ್ಲಿ ವಾಸಿಸಲು ಬೇಕಾದ ಪರವಾನಗಿ, ಇಕಾಮಾದ ನವೀಕರಣ ನಿಂತುಹೋಯಿತು. ಅದಿಲ್ಲದೆ ವಿಮೆಯಿಲ್ಲ, ವಿಮೆಯಿಲ್ಲದೆ ಆಸ್ಪತ್ರೆಯಿಲ್ಲ, ಮೋನಾಕನಿಗೋ ಎದೆನೋವು. ಕೆಲವರದನ್ನಷ್ಟೇ ಮಾಡಿಸುತ್ತೇವೆ, ಬಂದು ಕೇಳಿ ಎಂದರು ಮ್ಯಾನೇಜರ್. ಎಲ್ಲರಿಗಿಂತ ಮೊದಲು ಹೋಗಿ ಕೂತವರು ಮೋನಾಕ. ಚಹಾ ಕೊಡಲು ಏಳಬೇಕಾದಾಗ, ಮ್ಯಾನೇಜರರ ಕೋಣೆಯ ಹೊರಗಿನ ಕುರ್ಚಿಯ ಮೇಲೆ ಸಮುದ್ರದಂಡೆಯಿಂದ ತಂದ ನುಣುಪಾದ ಕಲ್ಲೊಂದನ್ನು ಇಟ್ಟು ಹೋಗುತ್ತಿದ್ದರು. ಅವರ ಕೈಯ ಚಹಾ ಕುಡಿದ ನಮ್ಮವರೇ ಆ ಕಲ್ಲನ್ನು ಕಿಟಕಿಗೆ ಎತ್ತಿಟ್ಟು ಕೂತರು. ಇನ್ನು ಕೆಲವರ ಕೆಲಸ ದೊಡ್ಡವರ ಒಂದು ಫೋನಿನಲ್ಲೇ ಮುಗಿಯಿತು.

"ಮೋನಾಕ, ನೀವೂ ಯಾರ ಹತ್ತಿರವಾದ್ರೂ ಹೇಳಿಸಿ," ಎಂದೆ.

"ಎಂತಕ್ಕೆ? ಮೊದಲು ಬಂದವ ನಾನಲ್ವಾ?"

ಅಷ್ಟು ವರ್ಷ ಈ ಊರಿನಲ್ಲಿದ್ದೂ ಆ ಮನುಷ್ಯ ಏನೂ ಕಲಿತಿರಲಿಲ್ಲ. ಸಂಕಟವಾಯಿತು. ಅವರ ಇಕಾಮಾ ಆಗಲೇ ಇಲ್ಲ. ಊರಿಗೆ ಹೊರಡಿ ಎಂದರು ಮ್ಯಾನೇಜರ್.

ವಿಮಾನ ನಿಲ್ದಾಣಕ್ಕೆ ನಾನೇ ಕರೆದೊಯ್ದೆ. ಮುಂಬಯಿ ವಿಮಾನದ ಸಾಲು ಬಾಗಿಲಿನವರೆಗೂ ಇತ್ತು. ಎದೆ ನೀವಿಕೊಳ್ಳುತ್ತಿದ್ದ ಮುದುಕನನ್ನು ಕಂಡು ಅಲ್ಲಿನ ಕೆಲಸಗಾರನೊಬ್ಬ, "ಯಲ್ಲಾ ಚಾಚಾ, ಮುಂದೆ ಬನ್ನಿ," ಎಂದು ಕೈಹಿಡಿದ. ಮೋನಾಕ ಕೈ ಬಿಡಿಸಿಕೊಂಡರು.

"ಹೋಗಿ ಮಾರಾಯ್ರೆ, ಇದೊಂದು ಸಲ ಹೋಗಿ!" ಎಂದು ನಾನು ರೇಗಿದೆ.

"ಇವರೆಲ್ಲ ನನಗಿಂತ ಮೊದಲು ಬಂದವರು," ಎಂದು ಅವರು ಚೀಲ ಎಳೆದುಕೊಂಡು ಸಾಲಿನ ಕೊನೆಗೆ ನಡೆದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಮಾರನೆಯ ಬೆಳಿಗ್ಗೆ ಕಚೇರಿಯ ಕಿಟಕಿಯಲ್ಲಿದ್ದ ಕಲ್ಲನ್ನು ತೆಗೆದು ಮತ್ತೆ ಆ ಕುರ್ಚಿಯ ಮೇಲಿಟ್ಟೆ. ಮಧ್ಯಾಹ್ನ ನೋಡುವಾಗ ಯಾರೋ ಅದನ್ನು ನೆಲಕ್ಕಿಳಿಸಿ ಕೂತಿದ್ದರು.